ಸಿಸ್ಟರಜ್ಜಿಯ ಹೊಸ ಡ್ಯೂಟಿ

ಮೂವತ್ತೆರಡು ವರ್ಷ ನರ್ಸ್ ಕೆಲಸ ಮಾಡಿದವಳು ನಾನು. ನಿವೃತ್ತಿಯಾದ ಮೇಲೆ ಹಪ್ಪಳ, ಸಂಡಿಗೆ ಅಂತ ಹಾಯಾಗಿರುವ ಯೋಚನೆಯಿತ್ತು. ಈಗ ವಾರಕ್ಕೆರಡು ದಿನ ಹಿಮೋಫಿಲಿಯಾ ಇರುವ ಮಕ್ಕಳ ಮನೆಗೆ ಹೋಗುತ್ತೇನೆ. ದಾವಣಗೆರೆಯಲ್ಲಿ ಇವರಿಗಾಗಿಯೇ ಒಂದು ಸೊಸೈಟಿ ಇದೆ. ನನ್ನದು ಬರೀ ಕೈಲಾದ ಸೇವೆ. ಮಕ್ಕಳು 'ಸಿಸ್ಟರಜ್ಜಿ' ಎನ್ನುತ್ತವೆ.

ರಕ್ತ ಹೆಪ್ಪುಗಟ್ಟಲು ಬೇಕಾದ ಒಂದು ಅಂಶ, ಹೆಚ್ಚಿನವರಲ್ಲಿ ಎಂಟನೆಯ ಫ್ಯಾಕ್ಟರ್, ಇವರಲ್ಲಿ ಕಡಿಮೆ. ಸುಮಾರು 5,000 ಗಂಡುಮಕ್ಕಳಲ್ಲಿ ಒಬ್ಬನಿಗೆ ಹೀಗಾಗುತ್ತದೆ. ಚಿಕ್ಕ ಗಾಯವಾದರೂ ರಕ್ತ ಧಾರೆಯಾಗಿ ಸುರಿಯುತ್ತದೆಂದು ಜನ ಹೆದರುತ್ತಾರೆ. ಹಾಗಲ್ಲ. ಸುರಿಯುವುದು ಎಲ್ಲರಂತೆಯೇ, ನಿಲ್ಲುವುದು ತಡ. ನಿಜವಾದ ಕಾಟ ಕಣ್ಣಿಗೆ ಕಾಣದ್ದು. ಮಂಡಿ, ಮೊಣಕೈಗಳ ಒಳಗೇ ರಕ್ತ ತುಂಬಿ ಕೀಲು ಬಿಸಿಯಾಗಿ ಊದುತ್ತದೆ. ಮತ್ತೆ ಮತ್ತೆ ಹೀಗಾದರೆ ಕೀಲೇ ಹಾಳು.

ಊತ ಕಂಡೊಡನೆ ಎಣ್ಣೆ ಕಾಯಿಸಿ ನೀವುವುದು ನಮ್ಮ ರೂಢಿ. ಇದನ್ನು ಬಿಡಿಸಲು ಎಷ್ಟು ಅಜ್ಜಿಯರ ಜತೆ ಜಗಳವಾಡಿದ್ದೇನೋ! ನೀವಬೇಡಿ, ಶಾಖ ಬೇಡ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಟ್ಟು, ಕಾಲು ಎತ್ತರಿಸಿ ಮಲಗಿಸಿ, ಬೇಗ ಫ್ಯಾಕ್ಟರ್ ಕೊಡಿಸಿ. ಆಸ್ಪಿರಿನ್ ಮಾತ್ರೆಯಂತೂ ಕೂಡದು.

ಒಂದು ಮನೆಯಲ್ಲಿ ಹನ್ನೊಂದು ವರ್ಷದ ಹುಡುಗ. ಅವನ ಅಮ್ಮ ಅಡುಗೆಮನೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. "ನಿನ್ನ ತವರಿನ ರೋಗ" ಎಂದು ಅತ್ತೆ ದಿನವೂ ಚುಚ್ಚುತ್ತಿದ್ದರಂತೆ. ನಾನು ಅತ್ತೆಯನ್ನೇ ಪಕ್ಕಕ್ಕೆ ಕೂರಿಸಿಕೊಂಡೆ. "ಅಮ್ಮಾ, ತಾಯಿಯ ಮೂಲಕ ಬರುವುದುಂಟು, ನಿಜ. ಆದರೆ ಸುಮಾರು ಮೂರರಲ್ಲಿ ಒಬ್ಬರಿಗೆ, ಮನೆತನದಲ್ಲಿ ಯಾರಿಗೂ ಇಲ್ಲದಿದ್ದರೂ ಬರುತ್ತದೆ. ಬ್ರಿಟನ್ನಿನ ವಿಕ್ಟೋರಿಯಾ ರಾಣಿಯ ಮಗನಿಗೂ ಇತ್ತು. ಅವಳೇನು ಬೇಕೆಂದು ಕೊಟ್ಟಳೇ?" ಅವರು ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಸೊಸೆಗೆ, "ಸಿಸ್ಟರಿಗೆ ಕಾಫಿ ಕೊಡೇ, ನೀನೂ ಕುಡಿ" ಎಂದರು. ನನಗೆ ಅಷ್ಟು ಸಾಕಾಗಿತ್ತು.

ಹುಡುಗ ಈಗ ತಾನೇ ಸೂಜಿ ಹಾಕಿಕೊಳ್ಳಲು ಕಲಿಯುತ್ತಿದ್ದಾನೆ. ಔಷಧದ ಪುಡಿಗೆ ನೀರು ಬೆರೆಸಿ, ಬಾಟಲಿ ಕುಲುಕದೆ ಮೆಲ್ಲಗೆ ತಿರುಗಿಸುತ್ತಾನೆ. ನರ ಹುಡುಕುವುದನ್ನು ನನ್ನ ಕೈಮೇಲೆ ಬೆರಳಾಡಿಸಿಯೇ ಕಲಿತ. ವಯಸ್ಸಾದ ಕೈ, ನರಗಳೆಲ್ಲ ಎದ್ದು ಕಾಣುತ್ತವಲ್ಲ! ಕಳೆದ ಗುರುವಾರ ಎರಡನೇ ಸಲಕ್ಕೆ ಸೂಜಿಯ ಕೊಳವೆಯಲ್ಲಿ ಕೆಂಪು ಕಾಣಿಸಿತು. "ಸಿಸ್ಟರಜ್ಜೀ, ಸಿಕ್ತು!" ಎಂದು ಪಿಸುಗುಟ್ಟಿದ. ಜೋರಾಗಿ ಕೂಗಿದರೆ ಕೈ ಅಲುಗಬಹುದೆಂಬ ಎಚ್ಚರ ಅವನಿಗೇ ಬಂದಿದೆ.

ಮುಂದಿನ ತಿಂಗಳು ಅವನ ಶಾಲೆಯ ಪ್ರವಾಸ. ಈ ಸಲ ಪಟ್ಟಿಯಲ್ಲಿ ಅವನ ಹೆಸರೂ ಇದೆ. ಐಸ್ ಡಬ್ಬಿಯಲ್ಲಿ ಔಷಧ ಇಟ್ಟುಕೊಂಡು ನಾನೂ ಹೊರಟಿದ್ದೇನೆ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಯಾರಿಗೆ ಎಂಬುದಷ್ಟೇ ಇನ್ನೂ ತೀರ್ಮಾನವಾಗಿಲ್ಲ.