ಮುರಿದ ಪಾಟಾ

ಎರೆಯ ದಾರಿಗೆ ಬಂಡಿಯೇ ಸರಿ ಎಂಬುದು ನಮ್ಮ ತಾಯಿಯವರ ಮತ. ಅವರ ಮೊಮ್ಮಗ, ಎಂದರೆ ನನ್ನ ಅಳಿಯ, ಮನೆಯ ಜೋಡೆತ್ತು ಮಾರಿ ಹಳೆಯ ಜೀಪು ತಂದ. ಎತ್ತರವಾಗಲೆಂದು ಕಮಾನಿಗೆ 2 ಪಾಟಾ ಹೆಚ್ಚಿಗೆ ಹಾಕಿಸಿ, ದೊಡ್ಡ ಗಾಲಿ ತೊಡಿಸಿದ.

ಬೈಲಹೊಂಗಲದಿಂದ ಎಲ್ಲಮ್ಮನ ಗುಡ್ಡಕ್ಕೆ ಹೊರಟಿದ್ದೆವು. ಸವದತ್ತಿ ಇನ್ನೂ 2 ಹರದಾರಿ ಇರುವಾಗ ಕೊರಕಲಿನಲ್ಲಿ ಠಣ್ಣೆಂದಿತು.

“ಮಾಮಾ, ಮೇನ್ ಪಾಟಾ ಹೋತು!”

ಪಟ್ಟಿಗಳು ಒಂದರ ಮೇಲೊಂದು ಜಾರಿ ಬಾಗಿದರಷ್ಟೇ ಅದು ಕಮಾನು. ಹೆಚ್ಚಿಗೆ ಹೇರಿದರೆ ಬಿಗಿದು ಬಾಗಲೊಲ್ಲದು. ಕುಲುಕಿನ ಪೆಟ್ಟೆಲ್ಲ ತುದಿಗಳಲ್ಲಿ ಕಣ್ಣುಳ್ಳ ಮೇಲ್ಪಟ್ಟಿಗೆ. ಎತ್ತರದ ಸುಖ ಪುಕ್ಕಟೆ ಸಿಕ್ಕೀತೆ?

ತಾಯಿ ಎತ್ತಿನ ಸುದ್ದಿಯನ್ನೇ ತೆಗೆಯಲಿಲ್ಲ. ಹುಡುಗನಿಗೆ ನೊಂದದ್ದು ಅದರಿಂದಲೇ. ಅಚ್ಚಿಗೂ ಚಾಸಿಗೂ ನಡುವೆ ಜಾಲಿಯ ತುಂಡಿಟ್ಟು, ಹಗ್ಗ ಬಿಗಿದು, ಶವಯಾತ್ರೆಯ ನಡಿಗೆಯಲ್ಲಿ ಸವದತ್ತಿ ಮುಟ್ಟಿದೆವು.

ಪಾಟಾದವನು ಬಿಚ್ಚಿ ಎಸೆದ ತುಂಡನ್ನು ನೆರೆಯ ಕಮ್ಮಾರ ಎತ್ತಿ ಬಡಿದು ನೋಡಿದ. ಇಂಗಾಲ ಹೆಚ್ಚಿರುವ ಉಕ್ಕು. ಹದಗೊಟ್ಟರೆ ಅಲಗು ನಿಲ್ಲುತ್ತದೆ. ನಮ್ಮ ಕಡೆಯ ಎಷ್ಟೋ ಕುಡಗೋಲುಗಳು ಪೂರ್ವಜನ್ಮದಲ್ಲಿ ಲಾರಿಯ ಕಮಾನುಗಳೇ.

“ಕುಡಗೋಲ ಮಾಡಿಕೊಡ್ಲೇನ್ರಿ, ಅವ್ವಾರ?”

“ಎರಡು ಮಾಡಪಾ,” ಎಂದರು ತಾಯಿ. “ಮೇವು ಕೊಯ್ಯಾಕ ಬೇಕಾಗ್ತಾವ.”

ಅಳಿಯ ತಲೆಯೆತ್ತಿ ಅವರ ಮುಖ ನೋಡಿದ.