ಹಸಿರು ಶಾಯಿ

ನನ್ನ ಜೇಬಿನಲ್ಲಿ ಯಾವಾಗಲೂ ಎರಡು ಪೆನ್ನುಗಳಿರುತ್ತವೆ. ನೀಲಿ ಶಾಯಿಯದು ಹೊಟ್ಟೆಪಾಡಿಗೆ, ಹಸಿರು ಶಾಯಿಯದು ಪ್ರತಿಷ್ಠೆಗೆ. ಕುಂದಾಪುರದಂಥ ಊರಿನಲ್ಲಿ ಸರಕಾರಿ ಕಾಲೇಜಿನ ಕನ್ನಡ ಉಪನ್ಯಾಸಕನಿಗೆ ಬೇರೆ ಅಧಿಕಾರವೇನುಂಟು? ಹಳಗನ್ನಡದ ತರಗತಿಗೆ ಬಾರದ ಹುಡುಗನನ್ನು ಹಿಡಿದು ತರುವ ಅಧಿಕಾರವಿಲ್ಲ. ಮನೆಯಲ್ಲಿ ಇಂದಿನ ಸಾರು ಏನೆಂದು ನಿರ್ಧರಿಸುವ ಅಧಿಕಾರವಂತೂ ಮೊದಲೇ ಇಲ್ಲ. ಆದರೆ ಗೆಜೆಟೆಡ್ ಅಧಿಕಾರಿ ಎಂಬ ಬಿರುದಿನ ಬಲದಿಂದ, ಹಸಿರು ಶಾಯಿಯಲ್ಲಿ ಸಹಿ ಮಾಡಿ ಮೊಹರು ಒತ್ತಿದೆನೆಂದರೆ ಬರಿಯ ಕಾಗದಕ್ಕೂ ಜೀವ ಬರುತ್ತದೆ. ಈ ಮಹಿಮೆಯನ್ನು ಬಲ್ಲ ನೆರೆಹೊರೆಯವರು ಬೆಳಗಿನ ಕಾಫಿ ಆರುವ ಮುನ್ನವೇ ಕಾಗದದ ಕಟ್ಟು ಹಿಡಿದು ಜಗಲಿ ಹತ್ತುತ್ತಾರೆ.

2023ರ ಬೇಸಿಗೆಯಲ್ಲಿ ನಾನು ಬ್ರಹ್ಮಾವರದಲ್ಲಿ ಒಂದು ಮನೆ ಕಟ್ಟಿಸುತ್ತಿದ್ದೆ. ಮನೆ ಕಟ್ಟಿಸುವವನ ದೈನ್ಯ ಕಟ್ಟಿಸಿದವರಿಗೇ ಗೊತ್ತು. ನಾಳೆ ತಾರಸಿಗೆ ಕಾಂಕ್ರೀಟು ಎನ್ನುವ ದಿನ ಗುತ್ತಿಗೆದಾರ ನಾಲ್ಕು ಕಾಗದಗಳನ್ನು ತಂದು ಮೇಜಿನ ಮೇಲಿಟ್ಟ. "ಹುಡ್ಗ್ರಿಗೆ ಆಧಾರಿನ ವಿಳಾಸದ ಕಾಗ್ದ ಸರ್, ಒಂದ್ ಸಹಿ." ಎಲ್ಲಿಯವರು ಎಂದು ಕೇಳಿದೆ. "ಬಂಗಾಳ ಬದಿಯವ್ರ್ ಸರ್" ಎಂದ. ಬಂಗಾಳಕ್ಕೆ ಎರಡು ಬದಿಗಳುಂಟು ಎಂಬುದು ನನಗೆ ತಿಳಿಯದ್ದಲ್ಲ. ಆದರೆ ತಲೆಯ ಮೇಲೆ ಮಳೆಗಾಲ. ತಕರಾರು ತೆಗೆದರೆ ಕೆಲಸ ನಿಂತೀತು. ಈ ವ್ಯಕ್ತಿ ಈ ವಿಳಾಸದಲ್ಲಿ ವಾಸವಾಗಿರುವುದು ನಿಜ ಎಂದು ದೃಢೀಕರಿಸಿ ನಾಲ್ಕು ಭಾವಚಿತ್ರಗಳ ಮೇಲೆ ಸಹಿ ಎಳೆದೆ. ಮರುದಿನ ತಾರಸಿಯಾಯಿತು, ಸೊಗಸಾಗಿಯೇ ಆಯಿತು. ಇಂದಿಗೂ ಒಂದು ಹನಿ ಸೋರಿಲ್ಲ.

ಸೋರಿದ್ದು ಬೇರೆ ಕಡೆ. 2024ರ ಅಕ್ಟೋಬರಿನಲ್ಲಿ ದುಬೈಗೆ ಹೊರಟಿದ್ದ ಒಬ್ಬ ಬಾಂಗ್ಲಾದೇಶೀಯ ಮಂಗಳೂರು ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದ. ಅವನ ಜಾಡು ಹಿಡಿದ ಪೊಲೀಸರು ಮಲ್ಪೆಯ ಆಸುಪಾಸಿನಲ್ಲಿ ಇನ್ನೂ ಕೆಲವರನ್ನು ಬಂಧಿಸಿದರು. ಅವರ ಬಳಿ ನಕಲಿ ಆಧಾರ್ ಇತ್ತೆಂಬ ಸುದ್ದಿ ಬಂತು. ಸ್ಟಾಫ್ ರೂಮಿನಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ, "ಇಂಥವರನ್ನು ಒಂದು ದಿನವೂ ಇಟ್ಟುಕೊಳ್ಳಬಾರದು" ಎಂದವನು ನಾನೇ. ಅದೇ ರಾತ್ರಿ ನಾಲ್ಕು ಭಾವಚಿತ್ರಗಳು ನೆನಪಾದವು. ನಿದ್ರೆ ಹತ್ತಲಿಲ್ಲ. ಹೆಂಡತಿಗೆ ಹೇಳಿದೆ. ಅವಳು ಒಂದೇ ಮಾತು ಕೇಳಿದಳು: "ನೀವ್ ಆ ಮಕ್ಕಳ್ ಮೋರಿ ಕಂಡೇ ಸಹಿ ಹಾಕಿದ್ರ್ಯಾ?" ಕಂಡಿರಲಿಲ್ಲ. ಗುತ್ತಿಗೆದಾರನಿಗೆ ಫೋನು ಮಾಡಿದರೆ, "ಅವ್ರೆಲ್ಲ ಕೇರಳ ಬದಿಗ್ ಹೋಯಾಯ್ತ್ ಸರ್" ಎಂದ.

ಮುಂದಿನ ಭಾನುವಾರ ಬೈಂದೂರಿಗೆ, ನನ್ನ ಸೋದರಮಾವನ ಬಳಿಗೆ ಹೋದೆ. ಈ ವಿದ್ಯೆಯಲ್ಲಿ ನಮ್ಮ ಕುಟುಂಬದ ಪಂಡಿತರು ಅವರೇ. ದಲ್ಲಾಳಿಗೆ ದುಡ್ಡು ತೆತ್ತು ಕುವೈತಿಗೆ ಹೋದವರು. ಹೋದದ್ದು ಅಲ್ಲಿ ಇಪ್ಪತ್ತನೇ ನಂಬರಿನದು ಎನ್ನುವ ಮನೆಕೆಲಸದ ವೀಸಾದ ಮೇಲೆ, ದುಡಿದದ್ದು ಹೋಟೆಲಿನಲ್ಲಿ. ಮನೆಯ ಯಜಮಾನ ಓಡಿಹೋದನೆಂದು ದೂರು ಕೊಟ್ಟ. ಪಾಸ್‌ಪೋರ್ಟು ಅವನ ಪೆಟ್ಟಿಗೆಯಲ್ಲೇ ಉಳಿಯಿತು. ಅಲ್ಲಿಂದ ನಾಲ್ಕು ವರ್ಷ ಮಾವ ಲೆಕ್ಕಕ್ಕಿಲ್ಲದ ಮನುಷ್ಯ. ಹೋಟೆಲಿನವ ಆರು ತಿಂಗಳ ಸಂಬಳ ನುಂಗಿದರೂ ದೂರುವಂತಿಲ್ಲ. ದೂರಲು ಹೋದರೆ ಮೊದಲು ಒಳಗೆ ಹೋಗುವವರು ಇವರೇ. ಇತ್ತ ಬೈಂದೂರಿನಲ್ಲಿ ನಮ್ಮ ಅಜ್ಜಿ ತೀರಿಕೊಂಡಾಗ ಮಗ ಬರಲಾಗಲಿಲ್ಲ. ಕಡೆಗೆ 2018ರಲ್ಲಿ ಕುವೈತ್ ಸರಕಾರ ಜನವರಿ 29ರಿಂದ ಏಪ್ರಿಲ್ 22ರವರೆಗೆ ಕ್ಷಮಾದಾನದ ಅವಧಿ ಕೊಟ್ಟಿತು. ದಂಡವಿಲ್ಲದೆ ದೇಶ ಬಿಡಬಹುದು, ಸರಿಯಾದ ಕಾಗದದೊಂದಿಗೆ ಮತ್ತೆ ಬರಲೂಬಹುದು ಎಂದಿತು. ನಮ್ಮ ರಾಯಭಾರ ಕಚೇರಿ ಕೊಟ್ಟ ತುರ್ತು ಪ್ರಮಾಣಪತ್ರ ಹಿಡಿದು ಮಾವ ಊರಿಗೆ ಬಂದರು.

ನನ್ನ ಕಥೆ ಕೇಳಿದ ಮಾವ ನಗಲಿಲ್ಲ. "ಜೈಲಿಗ್ ನಾ ಹೆದ್ರಿದ್ದಿಲ್ಲೆ ಮಾಣಿ. ರಸ್ತೆ ಬದಿಯಂಗೆ ಸತ್ರೆ ಇಂವ ಯಾರ್ ಅಂತ ಹೇಳೂಕೆ ಒಬ್ರಿಲ್ಲಲ, ಅದಕ್ಕೆ ಹೆದ್ರಿದ್ದ್" ಎಂದರು. ಆಮೇಲೆ, "ನೀನ್ ಮೊದ್ಲ್ ಹೋಯಿ ನಿನ್ ಸಹಿ ವಿಷ್ಯ ಹೇಳ್. ಊರಿಗ್ ಬುದ್ಧಿ ಹೇಳೂದ್ ಮತ್ತೆ" ಎಂದು ಸೇರಿಸಿದರು.

ಅವರು ಮಾತನಾಡುತ್ತಿದ್ದಂತೆ ಅತ್ತೆ ನನ್ನ ಮುಂದೆ ಬೆಲ್ಲ ನೀರು ಇಟ್ಟರು. ನಮ್ಮ ಕಡೆಯ ಹಳೆಯ ಪದ್ಧತಿಯನ್ನು ಓದುಗರು ಬಲ್ಲರು. ಅಪರಿಚಿತ ಚಾವಡಿಗೆ ಬಂದರೆ ಮೊದಲು ಬೆಲ್ಲ ನೀರು, ಅವನು ಕುಡಿದು ಚೊಂಬು ಕೆಳಗಿಟ್ಟ ಮೇಲೆ, "ಯಾವ್ ಊರಾಯ್ತ್? ಯಾರ್ ಮನಿ?" ಅಜ್ಜಿ ಎರಡರಲ್ಲಿ ಒಂದನ್ನೂ ಬಿಟ್ಟವರಲ್ಲ. ನೀರು ಕೊಡದೆ ಊರು ಕೇಳುವುದು ಒರಟುತನ. ಊರು ಕೇಳದೆ ಒಳಗೆ ಬಿಡುವುದು ಬೇಜವಾಬ್ದಾರಿ. ನಾನು ಆ ನಾಲ್ವರಿಗೆ ನೀರನ್ನೂ ಕೊಟ್ಟಿರಲಿಲ್ಲ, ಊರನ್ನೂ ಕೇಳಿರಲಿಲ್ಲ. ಸಹಿ ಕೊಟ್ಟಿದ್ದೆ, ತಾರಸಿ ಪಡೆದಿದ್ದೆ.

ಈ ವಿಷಯದಲ್ಲಿ ನಾನು ಸಂಪ್ರದಾಯಸ್ಥ. ಹೊಸ್ತಿಲಿಲ್ಲದ್ದು ಮನೆಯಲ್ಲ, ಛತ್ರ. ದೇಶಕ್ಕೂ ಹೊಸ್ತಿಲು ಬೇಕು. ಕಾನೂನಿಗೇನೂ ಕೊರತೆಯಿಲ್ಲ. 1920, 1939, 1946 ಮತ್ತು 2000ದ ನಾಲ್ಕು ಕಾಯಿದೆಗಳನ್ನು ತೆಗೆದು ಒಂದೇ ಹೊಸ ಕಾಯಿದೆ 2025ರ ಸೆಪ್ಟೆಂಬರ್ 1ರಿಂದ ಜಾರಿಯಾಗಿದೆ. ಪಾಸ್‌ಪೋರ್ಟು, ವೀಸಾ ಇಲ್ಲದೆ ನುಸುಳಿದರೆ 5 ವರ್ಷದವರೆಗೆ ಸೆರೆ, 5 ಲಕ್ಷ ರೂಪಾಯಿವರೆಗೆ ದಂಡ. ಖೋಟಾ ಕಾಗದ ಬಳಸಿದರೆ 2ರಿಂದ 7 ವರ್ಷ ಸೆರೆ. ಆಧಾರ್ ಪೌರತ್ವದ ಪುರಾವೆಯಲ್ಲವೆಂದೂ ಕಾನೂನೇ ಹೇಳುತ್ತದೆ. ಆದರೂ ಬಾಂಗ್ಲಾದೇಶದೊಂದಿಗಿನ 4,096 ಕಿಲೋಮೀಟರ್ ಗಡಿಯನ್ನು ದಾಟಿದವನಿಗೆ ಕಡೆಯ ಗಡಿ ನನ್ನಂಥವನ ಮೇಜು. ಅಲ್ಲಿ ಕಾವಲುಗಾರ ಕಾಫಿ ಕುಡಿಯುತ್ತ ಸಹಿ ಹಾಕುತ್ತಿದ್ದರೆ ಬೇಲಿ ಎಷ್ಟು ಎತ್ತರವಿದ್ದು ಏನು ಫಲ?

ಆದ್ದರಿಂದ ಸುಧಾರಣೆ ಒಳಗಿನಿಂದ ಆರಂಭವಾಗಲಿ. ಗುರುತು ಹೇಳುವವನು ಕಣ್ಣಾರೆ ಕಂಡು ಹೇಳಲಿ. ತಪ್ಪಿದರೆ ಮೊದಲ ದಂಡ ಅವನಿಗೆ. ಎರಡನೆಯ ದಂಡ ಕರೆತಂದ ದಲ್ಲಾಳಿಗೆ ಮತ್ತು ಅಗ್ಗದ ಕೂಲಿಗಾಗಿ ಕಣ್ಣು ಮುಚ್ಚಿಕೊಂಡ ಯಜಮಾನನಿಗೆ. ಬಂದವನು ತಾನಾಗಿ ಒಪ್ಪಿಕೊಂಡರೆ, ದುಡಿದ ಕೂಲಿ ಕೊಡಿಸಿ, ಗಡುವು ಕೊಟ್ಟು, ಮರ್ಯಾದೆಯಿಂದ ಕಳುಹಿಸಲಿ. ನಾಳೆ ಅವನು ಹೆಬ್ಬಾಗಿಲಿನಿಂದ ಬರಲಿ. ಗಡುವು ಮೀರಿದವನಿಗೆ ಕಾನೂನು ಉಂಟು. 2025ರ ಫೆಬ್ರವರಿ 5ರಂದು ಅಮೆರಿಕ ನಮ್ಮ 104 ಮಂದಿಯನ್ನು ಕೈಕಾಲಿಗೆ ಕೋಳ ತೊಡಿಸಿ ಅಮೃತಸರಕ್ಕೆ ಕಳುಹಿಸಿದಾಗ ನಮಗೆ ನೋವಾದದ್ದು ಕಳುಹಿಸಿದ್ದಕ್ಕಲ್ಲ, ಕೋಳಕ್ಕೆ.

"ಪಾಪ, ಬಡವರು, ಇರಲಿ ಬಿಡಿ" ಎನ್ನುವ ಸಜ್ಜನರಿಗೆ ಮಾವನ ಆರು ತಿಂಗಳ ಸಂಬಳವೇ ಉತ್ತರ. ಕಾಗದವಿಲ್ಲದವನ ಬಡತನ ಇನ್ನೊಬ್ಬನ ಲಾಭ. "ಬಂಗಾಳಿ ಮಾತಾಡಿದವರನ್ನೆಲ್ಲ ಓಡಿಸಿ" ಎನ್ನುವ ಶೂರರಿಗೂ ಒಂದು ಮಾತು. ಮುರ್ಷಿದಾಬಾದಿನ ಹುಡುಗನಿಗೆ ಬ್ರಹ್ಮಾವರದಲ್ಲಿ ದುಡಿಯಲು ಇರುವ ಹಕ್ಕು, ಕುಂದಾಪುರದ ಮಾಣಿಗೆ ಮುಂಬಯಿಯಲ್ಲಿ ಲೋಟ ತೊಳೆಯಲು ಇದ್ದ ಹಕ್ಕೇ. 1966ರಲ್ಲಿ ಶಿವಸೇನೆ ಹುಟ್ಟಿದ ಬಳಿಕ ಅಲ್ಲಿನ ಉಡುಪಿ ಹೋಟೆಲುಗಳು ಪಟ್ಟ ಪಾಡನ್ನು ನಮ್ಮ ಊರಿನ ಹಿರಿಯರು ಮರೆತಿಲ್ಲ. ಆಡುವ ಭಾಷೆ ನೋಡಿ ಪರದೇಶಿಯೆನ್ನುವುದು ಸಂಪ್ರದಾಯವಲ್ಲ, ಸೋಮಾರಿತನ. ಊರು ಕೇಳುವ ಶ್ರಮ ತಪ್ಪಿಸಿಕೊಳ್ಳುವ ಉಪಾಯ.

ಮಾವನ ಮಾತಿನಂತೆ ಠಾಣೆಗೆ ಹೋಗಿ ನಾಲ್ಕು ಸಹಿಗಳ ವಿಷಯ ಬರೆದುಕೊಟ್ಟೆ. ಬರೆದದ್ದು ನೀಲಿ ಶಾಯಿಯಲ್ಲಿ. ಅಧಿಕಾರಿ ಓದಿ, ನನ್ನನ್ನೇ ಒಂದು ಗಳಿಗೆ ನೋಡಿ, ಕುರ್ಚಿ ಕೊಟ್ಟು ಕೂರಿಸಿದರು. "ವಿಚಾರಿಸುತ್ತೇವೆ, ಕರೆದಾಗ ಬನ್ನಿ" ಎಂದರು. ಕರೆ ಇನ್ನೂ ಬಂದಿಲ್ಲ. ಬಂದರೆ ಹೋಗಬೇಕು, ನೌಕರಿಗೆ ಏನಾಗುತ್ತದೆಂದು ಹೆಂಡತಿ ಕೇಳುವುದನ್ನು ಬಿಟ್ಟಿದ್ದಾಳೆ.

ಕಳೆದ ವಾರ ಇನ್ನೊಬ್ಬ ಗುತ್ತಿಗೆದಾರ ಕಾಗದ ತಂದ. ಹುಡುಗನನ್ನೇ ಕರೆದು ತಾ ಎಂದೆ. ಸಂಜೆ ಬಂದ, ಸಿಮೆಂಟು ಮೆತ್ತಿದ ಕಾಲು, ಹೊಸ್ತಿಲ ಹೊರಗೇ ನಿಂತ. ಕೂರಿಸಿ, ಬೆಲ್ಲ ನೀರು ಕೊಟ್ಟು, ನನ್ನ ಹರಕು ಹಿಂದಿಯಲ್ಲಿ ಊರು, ಮನೆ, ಶಾಲೆ ಕೇಳಿದೆ. ಅವನು ಮುರ್ಷಿದಾಬಾದಿನ ತನ್ನ ಶಾಲೆಯ ಅಂಕಪಟ್ಟಿ, ತಂದೆಯ ಮತದಾರರ ಚೀಟಿ ಎಲ್ಲ ಬಿಚ್ಚಿ ತೋರಿಸಿದ. ಅರ್ಧ ಗಂಟೆ ಹಿಡಿಯಿತು. ಹಸಿರು ಪೆನ್ನು ತೆಗೆದರೆ ಶಾಯಿ ಒಣಗಿತ್ತು. ಬಹಳ ದಿನಗಳಿಂದ ಬಳಸಿರಲಿಲ್ಲ. ಕೊಡವಿ, ಗೀಚಿ ನೋಡಿ, ಸಹಿ ಮಾಡಿ ಕೊಟ್ಟೆ.