ದಪ್ಪ ತಂತಿ ಯಾಕೆ ಬಾಯಿ ಬಿಡಲ್ಲ?

ನಮ್ಮ ಬ್ಯಾಂಡಿನ ಬೇಸ್ ಗಿಟಾರ್ ಸೆಕೆಂಡ್ ಹ್ಯಾಂಡ್. ಇ, ಎ, ಡಿ, ಜಿ ಅಂತ ನಾಲ್ಕು ತಂತಿ. ಸಣ್ಣ ತಂತಿ ಜಿ ಕೂಗುತ್ತೆ, ದಪ್ಪ ತಂತಿ ಇ ಗೊಣಗುತ್ತೆ. ಸಿನಿಮಾ ಹಾಡಿಗೆ ಹೇಗೋ ನಡೀತಿತ್ತು. ಆದ್ರೆ ಈ ಸಲ ರಾಜ್ಯೋತ್ಸವಕ್ಕೆ ನಾವು ಆರಿಸಿಕೊಂಡಿದ್ದು ಕಡಕೋಳ ಮಡಿವಾಳಪ್ಪನವರ ಒಂದು ತತ್ವಪದ. ಏಕತಾರಿ ಹಿಡಿಯೋ ಶ್ರುತಿಯನ್ನ ಇ ತಂತಿಗೆ ಒಪ್ಪಿಸಿದ್ದೆವು. ಅದೇ ಕೇಳಿಸದಿದ್ದರೆ ಹಾಡುವವರು ಏನನ್ನ ಹಿಡಿದು ಹಾಡಬೇಕು?

ದಸರಾ ರಜೆಯಲ್ಲಿ ಪ್ರಾಕ್ಟೀಸ್ ನಡೆದದ್ದು ಮಾನ್ವಿ ಕಡೆಯ ಹಿರೇಕೊಟ್ನೆಕಲ್‌ನಲ್ಲಿ, ಗೆಳೆಯನ ಮನೆಯಲ್ಲಿ. ಭಜನೆಯಲ್ಲಿ ವರ್ಷಗಟ್ಟಲೆ ಏಕತಾರಿ ಮೀಟಿದ ಅವನ ಅಜ್ಜ ಎರಡು ಸಾಲು ಕೇಳಿ, "ತಮ್ಮಾ, ಆ ದಪ್ಪ ತಂತಿ ಬಾಯೇ ಬಿಡವಲ್ದಲ್ಲೋ" ಅಂದ್ರು.

ಕಾರಣ ಎಲ್ಲಿದೆ? ಒತ್ತದೆ ಮೀಟಿದ ಇ ತಂತಿಯ ಕಂಪನ ಸುಮಾರು 41 ಹರ್ಟ್ಸ್, ಜಿ ತಂತಿಯದು 98. ಅಷ್ಟು ಕೆಳಗಿನ ದನಿಗೆ ನಮ್ಮ ಕಿವಿಯೇ ಮಂದ, ಪುಟ್ಟ ಆಂಪ್‌ನ ಸ್ಪೀಕರ್ ಇನ್ನೂ ಮಂದ. ಹಾಗಾಗಿ ಗಿಟಾರನ್ನ ಬೈಯೋ ಮೊದಲು ಒಂದು ಸುಲಭ ಪರೀಕ್ಷೆ ಮಾಡಿದೆವು. ಇ ತಂತಿಯನ್ನ ಐದನೇ ಫ್ರೆಟ್‌ನಲ್ಲಿ ಒತ್ತಿ ಮೀಟಿದರೆ ಬರೋದು 55 ಹರ್ಟ್ಸ್. ಪಕ್ಕದ ಎ ತಂತಿಯನ್ನ ಒತ್ತದೆ ಮೀಟಿದರೂ ಅದೇ ಸ್ವರ. ಸ್ವರ ಒಂದೇ ಆದ ಮೇಲೆ ಕಿವಿ, ಸ್ಪೀಕರ್ ಎರಡಕ್ಕೂ ನೆಪ ಇಲ್ಲ. ಆಗಲೂ ಇ ಕಮ್ಮಿ! ತಂತಿಗಳು ಹೊಸವು, ಮೀಟಿದ ಬೆರಳೂ ಜಾಗವೂ ಒಂದೇ. ಉಳಿದದ್ದು ಪಿಕಪ್.

ಪಿಕಪ್ ಅಂದ್ರೆ ಅಯಸ್ಕಾಂತ, ಅದರ ಸುತ್ತ ತಾಮ್ರದ ಸುರುಳಿ. ಮೇಲಿನ ಉಕ್ಕಿನ ತಂತಿ ಅದುರಿದರೆ ಸುರುಳಿಯಲ್ಲಿ ವೋಲ್ಟೇಜ್ ಹುಟ್ಟುತ್ತೆ. ನಾವೆಲ್ಲ ಪರೀಕ್ಷೆಗೆ ಬರೆದ ಫ್ಯಾರಡೆ ನಿಯಮವೇ. ತಂತಿ ದೂರವಾದಷ್ಟೂ ವೋಲ್ಟೇಜ್ ಕಮ್ಮಿ. ಕೊನೇ ಫ್ರೆಟ್ ಒತ್ತಿ ಹಿಡಿದು ಸ್ಕೇಲಿನಲ್ಲಿ ಅಳೆದೆವು: ಇ ತಂತಿಯಿಂದ ಪಿಕಪ್‌ಗೆ 5 ಮಿ.ಮೀ., ಜಿ ತಂತಿಯಿಂದ 2.

ಫೆಂಡರ್ ಕಂಪನಿ 1957ರಲ್ಲಿ ಪ್ರಿಸಿಷನ್ ಬೇಸ್‌ಗೆ ತಂದ ಮಾದರಿಯಂತೆ ನಮ್ಮ ಪಿಕಪ್ಪೂ ಎರಡು ತುಂಡು. ಇ, ಎ ಎರಡಕ್ಕೆ ಒಂದು. ಡಿ, ಜಿ ಎರಡಕ್ಕೆ ಇನ್ನೊಂದು. ಸ್ಕ್ರೂ ಬಿಗಿ ಮಾಡಿದ್ರೆ ಪಿಕಪ್ ಇಳಿಯುತ್ತೆ, ಸಡಿಲಿಸಿದ್ರೆ ಅಡಿಯ ಸ್ಪಂಜು ಅದನ್ನ ಮೇಲೆ ತಳ್ಳುತ್ತೆ. ಇ ಕಡೆಯ ಸ್ಕ್ರೂ ಅರ್ಧರ್ಧ ಸುತ್ತು ಸಡಿಲಿಸುತ್ತಾ, ಪ್ರತಿ ಸಲ ಮೀಟಿ ಕೇಳುತ್ತಾ 3 ಮಿ.ಮೀ.ಗೆ ನಿಲ್ಲಿಸಿದೆವು. ತೀರಾ ಹತ್ತಿರ ತಂದ್ರೆ ಅಯಸ್ಕಾಂತ ತಂತಿಯನ್ನೇ ಎಳೆದು ಶ್ರುತಿ ಅಲುಗಾಡುತ್ತೆ, ದನಿ ಬೇಗ ಸಾಯುತ್ತೆ. ಉಳಿದ ವ್ಯತ್ಯಾಸಕ್ಕೆ ಜಿ ಕಡೆ ಸ್ವಲ್ಪ ಇಳಿಸಿದೆವು. ಮೆತ್ತಗಿನವರನ್ನೇ ಎಷ್ಟು ಅಂತ ಕೂಗಿಸೋದು, ಜೋರಿನವರೂ ತಗ್ಗಬೇಕಲ್ಲ! ಒಟ್ಟು ದನಿ ಕಮ್ಮಿ ಅನಿಸಿದ್ರೆ ಆಂಪ್ ಜಾಸ್ತಿ ಮಾಡಬಹುದು. ನಾಲ್ಕು ತಂತಿಗಳ ಜಗಳ ಬಿಡಿಸೋದು ಆಂಪ್‌ಗೆ ಬರಲ್ಲ.

ಆಮೇಲೆ ಅಜ್ಜ ತಮ್ಮ ಏಕತಾರಿಯನ್ನ ನಮ್ಮ ಇ ತಂತಿಗೆ ಶ್ರುತಿ ಕೂಡಿಸಿಕೊಂಡು ಇಡೀ ಪದ ಹಾಡಿದ್ರು. ಕೊನೇ ನುಡಿಯವರೆಗೂ ಎರಡೂ ತಂತಿ ಕೇಳಿಸ್ತಿದ್ದವು.

ನಿಮ್ಮ ಹಾಸ್ಟೆಲ್ ರೂಮಲ್ಲೂ ಗೊಣಗೋ ಬೇಸ್ ಇದ್ರೆ, ಹೊಸ ಪಿಕಪ್ ಆರ್ಡರ್ ಮಾಡೋ ಮೊದಲು ಐದನೇ ಫ್ರೆಟ್ ಒತ್ತಿ ಕೇಳಿ. ಸ್ಕ್ರೂಡ್ರೈವರ್ ಬೇಕಂದ್ರೆ ನಮ್ಮತ್ರ ಇದೆ.